ಉಮೆ ಜಾಡಿಯ ಜಾಗದಲ್ಲಿ ಮಡಚು ಲೆನ್ಸು

ಜೂನ್ ತಿಂಗಳ ಎರಡನೆಯ ವಾರ ಇತಾಬಾಶಿಯ ನೆಮೊಟೊ ಅವರ ಮನೆಗೆ ಒಂದು ಹೊಸ ಕಪಾಟು ಬಂತು. ಅದೇ ದಿನ ತರಕಾರಿ ಅಂಗಡಿಯಿಂದ ಉಪ್ಪಿನಕಾಯಿಗೆ ಹಾಕುವ ಹುಳಿ ಕಾಯಿ ಉಮೆಯೂ ಆರು ಕಿಲೊ ಬಂತು. ಮನೆಯಲ್ಲಿದ್ದದ್ದು ಒಂದೇ ಮೂಲೆ.

ಅಡುಗೆಮನೆಯ ಬಡಗು ಗೋಡೆಗೆ ತಾಗಿದ, ಬಿಸಿಲು ಬೀಳದ ತಣ್ಣನೆಯ ಮೂಲೆ ಅದು. ಮದುವೆಯಾಗಿ ಬಂದ ಮೇಲೆ ಇಪ್ಪತ್ತೆರಡು ವರ್ಷದಿಂದಲೂ ಮಿಸಾಕೊ ತನ್ನ ಉಮೆ ಉಪ್ಪಿನಕಾಯಿಯ ಜಾಡಿಗಳನ್ನು ಅಲ್ಲಿಯೇ ಇಟ್ಟುಕೊಂಡಿದ್ದಳು. ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ ಬಡಿಸಿ, ಮಧ್ಯಾಹ್ನ ಸೈಕಲ್ಲಿನಲ್ಲಿ ಮನೆಗೆ ಬಂದು ನೋಡುತ್ತಾಳೆ, ಜಾಡಿಗಳೆಲ್ಲ ಬಚ್ಚಲ ಬಾಗಿಲಲ್ಲಿ ಸಾಲಾಗಿ ಕೂತಿವೆ. ಅವುಗಳ ಜಾಗದಲ್ಲಿ ಸೊಂಟದೆತ್ತರದ ಕರಿಯ ಕಪಾಟು. ಗಾಜಿನ ಬಾಗಿಲು, ಒಳಗೊಂದು ಪುಟ್ಟ ದೀಪ, ತೇವ ಎಷ್ಟಿದೆಯೆಂದು ತೋರಿಸುವ ಮುಳ್ಳು.

"ಏನ್ರೀ ಇದು?"

ಲಿಫ್ಟ್ ದುರಸ್ತಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದ ಗಂಡ ಯಸುಹಿಕೊ, ನೆಲದ ಮೇಲೆ ಕೂತು ಒಂದೊಂದೇ ಲೆನ್ಸನ್ನು ಒರೆಸಿ ಒಳಗಿಡುತ್ತಿದ್ದ. "ಮಳೆಗಾಲ ಶುರುವಾಯ್ತಲ್ಲ. ಬೂಷ್ಟು ಹಿಡಿಯುತ್ತೆ."

"ಯಾವುದಕ್ಕೆ?"

"ಲೆನ್ಸ್‌ಗೆ."

"ಉಮೆಗೆ ಹಿಡಿಯಲ್ವಾ?"

"ಉಮೆಗೆ ಉಪ್ಪು ಹಾಕ್ತೀಯಲ್ಲ."

ಮಿಸಾಕೊ ಕೈಲಿದ್ದ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ಇದಕ್ಕೂ ಎರಡು ಹಿಡಿ ಹಾಕಿ ಮುಚ್ಚಿಡ್ತೀನಿ, ತನ್ನಿ ಇಲ್ಲಿ."

ಯಸುಹಿಕೊ ಕಂಡಕಂಡ ಲೆನ್ಸನ್ನೆಲ್ಲ ಕೊಳ್ಳುವವನಲ್ಲ. ಅವನಿಗೆ ಬೇಕಾದದ್ದು ಮಡಚುವ ಲೆನ್ಸುಗಳು ಮಾತ್ರ, ಅರವತ್ತು ಎಪ್ಪತ್ತು ವರ್ಷಗಳ ಹಿಂದೆ ಕ್ಯಾಮೆರಾ ಕೋಟಿನ ಜೇಬಿನಲ್ಲಿ ಹಿಡಿಯಲಿ ಎಂದು ಮಾಡಿದಂಥವು. ಕೊಳವೆಯನ್ನು ಮುಂದಕ್ಕೆಳೆದು ಬಲಕ್ಕೊಂದು ತಿರುವು ಕೊಟ್ಟರೆ ಅದು ಬಿಗಿಯಾಗಿ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಆಮೆ ತಲೆ ಎಳೆದುಕೊಂಡ ಹಾಗೆ ಕ್ಯಾಮೆರಾದ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಜರ್ಮನಿಯದು, ರಷ್ಯಾದ್ದು, ಈ ಇತಾಬಾಶಿಯದೇ ಗಲ್ಲಿಗಳಲ್ಲಿ ತಯಾರಾದದ್ದು, ಹಿತ್ತಾಳೆಯ ಮೇಲಿನ ನಿಕಲ್ ಸವೆದು ಹಳದಿ ಇಣುಕುವಂಥದ್ದು, ಎಲ್ಲ ಸೇರಿ ಮೂವತ್ತೆಂಟಿದ್ದವು. ಭಾನುವಾರ ಒಂದನ್ನು ಕ್ಯಾಮೆರಾಕ್ಕೆ ಹಾಕಿಕೊಂಡು ಹೊಳೆಯ ದಂಡೆಗೆ ಹೋಗುವನು. ಹಳೆಯ ಕಾರ್ಖಾನೆಯೊಂದರ ಇಟ್ಟಿಗೆ ಗೋಡೆಯ ಫೋಟೊ ತೆಗೆಯುವನು. ಮುಂದಿನ ಭಾನುವಾರ ಇನ್ನೊಂದು ಲೆನ್ಸು, ಅದೇ ಗೋಡೆ. ಅಂಚಿನ ಇಟ್ಟಿಗೆ ಯಾವುದರಲ್ಲಿ ಎಷ್ಟು ಚೊಕ್ಕವಾಗಿ ಬಂದಿದೆ ಎಂದು ಭೂತಗನ್ನಡಿ ಹಿಡಿದು ನೋಡುವುದೇ ಅವನ ಸುಖ. ಹನ್ನೊಂದು ಆಲ್ಬಮ್ಮು ತುಂಬ ಇಟ್ಟಿಗೆಯಿತ್ತು.

ಮರುದಿನ ಎಲ್ಲರೂ ಬೆಳಗಿನ ಊಟಕ್ಕೆ ಕೂತರು. ಮಿಸೊ ಸಾರಿನ ಬಟ್ಟಲು ಹೀರುವ ಸದ್ದಷ್ಟೇ. ಮೊದಲು ಮಾತು ತೆಗೆದವಳು ಯಸುಹಿಕೊನ ತಾಯಿ ಕಿಕುನೊ. ವಯಸ್ಸು ಎಪ್ಪತ್ತೆಂಟು. ಹಿಂದಿನ ದಿನ ಗೆಳತಿ ಹಿಸಾಳ ಅಂತ್ಯಕ್ರಿಯೆಗೆ ಹೋಗಿ ಬಂದಿದ್ದಳು.

"ಹಿಸಾಳ ಫೋಟೊ ನೋಡ್ಬೇಕಿತ್ತು ನೀವು," ಎಂದಳು ಸುಟ್ಟ ಮೀನಿನ ಮುಳ್ಳು ಬಿಡಿಸುತ್ತಾ. "ಯಾವುದೋ ಪ್ರವಾಸದ ಗುಂಪಿನ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿದಾರೆ. ಪಕ್ಕದಲ್ಲಿ ಯಾರದೋ ಭುಜ. ಹಿಸಾಳ ಕಣ್ಣು ಅರ್ಧ ಮುಚ್ಚಿದೆ. ಕಣ್ಣು ಮುಚ್ಚೋ ಕೆಲಸ ಪೆಟ್ಟಿಗೆ ಒಳಗೆ ಹೇಗೂ ಮಾಡ್ತಿದಾಳೆ. ಹೂವಿನ ಮಧ್ಯೆ ಇಡೋ ಫೋಟೊದಲ್ಲಾದ್ರೂ ತೆರೆದಿರ್ಬೇಕೋ ಬೇಡವೋ?"

ಮೊಮ್ಮಗಳು ಚಿಹಾರುಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಅವಳಿಗೆ ಹತ್ತೊಂಬತ್ತು, ನರ್ಸಿಂಗ್ ಓದುತ್ತಿದ್ದಳು. "ಅಜ್ಜಿ, ಊಟದ ಹೊತ್ತಲ್ಲಿ!"

"ನನ್ನದು ಹಾಗಾಗೋದು ಬೇಡ. ಲೋ ಯಸು, ಮನೇಲಿ ಅಷ್ಟು ಲೆನ್ಸಿದೆ. ನನ್ನ ಫೋಟೊ ಒಂದು ತೆಗೆದಿಡು. ಹಲ್ಲಿರೋವಾಗಲೇ ತೆಗಿ."

ಯಸುಹಿಕೊನ ಊಟದ ಕಡ್ಡಿಗಳು ಬಟ್ಟಲ ಮೇಲೆಯೇ ನಿಂತವು. "ಈಗ ಮೋಡ. ಬೆಳಕು ಸರಿಯಿಲ್ಲಮ್ಮ."

"ಬೆಳಕು ಬಂದಾಗ ತೆಗಿ."

ಬೆಳಕು ಬಂದ ಭಾನುವಾರ, ಈ ಲೆನ್ಸು ಮುಖಕ್ಕೆ ಗಡುಸಾಯಿತು ಎಂದ. ಅದರ ಮುಂದಿನ ಭಾನುವಾರ, ಈ ಲೆನ್ಸಿನಲ್ಲಿ ಬಿಳಿ ಕೂದಲಿನ ಸುತ್ತ ಬೆಳಕು ಸೋರುತ್ತದೆ ಎಂದ. ಮೂರನೆಯ ಭಾನುವಾರ ಕಿಕುನೊ ತಲೆ ಬಾಚಿಕೊಂಡು ಬರುವಷ್ಟರಲ್ಲಿ, ಫಿಲ್ಮ್ ಮುಗಿದಿದೆ ಎಂದು ಹೊರಟೇಹೋದ.

ಅಷ್ಟರಲ್ಲಿ ಮಿಸಾಕೊ ಉಮೆಗೆ ಉಪ್ಪು ಬೆರೆಸಿ, ಮೇಲೆ ಕಲ್ಲು ಹೇರಿ, ಜಾಡಿಗಳನ್ನು ಬಚ್ಚಲ ಬಾಗಿಲಲ್ಲೇ ಇಟ್ಟಿದ್ದಳು. ಸ್ನಾನಕ್ಕೆ ಹೋಗುವವರೆಲ್ಲ ಕಾಲೆತ್ತಿ ದಾಟಬೇಕು. ಯಸುಹಿಕೊ ಎರಡು ಸಲ ಕಾಲ್ಬೆರಳು ಜಜ್ಜಿಕೊಂಡ. ಎರಡು ಸಲವೂ ಅಡುಗೆಮನೆಯಿಂದ "ಅಯ್ಯೋ ಪಾಪ" ಎಂಬ ಮಾತು ಬಂತು, ಮನುಷ್ಯರು ಬರಲಿಲ್ಲ.

ಜುಲೈ ಮೊದಲ ಭಾನುವಾರ ಅವಳ ತಾಳ್ಮೆ ಮುಗಿಯಿತು. ಕ್ಯಾಮೆರಾ ಚೀಲ ಹೆಗಲಿಗೇರಿಸಿದ ಗಂಡನಿಗೆ ಅಡ್ಡವಾಗಿ ಬಾಗಿಲಲ್ಲಿ ನಿಂತಳು.

"ಅತ್ತೆ ಇಟ್ಟಿಗೆ ಗೋಡೆಯಾಗಿ ಹುಟ್ಟಿದ್ರೆ ಇಷ್ಟೊತ್ತಿಗೆ ಅವರದು ಇನ್ನೂರು ಫೋಟೊ ಆಗಿರ್ತಿತ್ತು."

"ನಿನಗೆ ಗೊತ್ತಾಗಲ್ಲ."

"ಏನು ಗೊತ್ತಾಗ್ಬೇಕು? ವಯಸ್ಸಾದವರು ಬಾಯಿಬಿಟ್ಟು ಕೇಳಿದಾರೆ. ನಾಲ್ಕು ವಾರ ಆಯ್ತು. ನೀವಾಗಲ್ಲ ಅಂದ್ರೆ ಹೇಳಿ, ರೈಲು ನಿಲ್ದಾಣದ ಹತ್ರ ದುಡ್ಡು ಹಾಕಿದ್ರೆ ತಾನೇ ತೆಗೆಯೋ ಪಾಸ್‌ಪೋರ್ಟ್ ಫೋಟೊ ಡಬ್ಬಿ ಇದೆ, ನಾನೇ ಕೂರಿಸ್ಕೊಂಡು ಬರ್ತೀನಿ."

ಪಾಸ್‌ಪೋರ್ಟ್ ಡಬ್ಬಿಯ ಮಾತು ಯಸುಹಿಕೊಗೆ ನಾಟಿತು. ಚೀಲ ಕೆಳಗಿಳಿಸಿದ. "ಅಮ್ಮನ್ನ ಕರಿ."

ಕಿಕುನೊ ಬೂದುಬಣ್ಣದ ಕಿಮೊನೊ ಉಟ್ಟು ಜಗುಲಿಯ ಮೇಲೆ ಕೂತಳು. ಚಿಹಾರು ಅವಳ ತುಟಿಗೆ ತೆಳ್ಳಗೆ ಬಣ್ಣ ಹಚ್ಚಿದಳು. ಯಸುಹಿಕೊ ತನ್ನಲ್ಲಿರುವುದರಲ್ಲೆಲ್ಲ ಒಳ್ಳೆಯ ಲೆನ್ಸನ್ನೇ ತಂದ. ಮೂವತ್ತಾರು ಫೋಟೊ ತೆಗೆದ. ನಡುನಡುವೆ ಕ್ಯಾಮೆರಾ ಇಳಿಸಿ ಅತ್ತ ತಿರುಗಿ ಮೂಗು ಒರೆಸಿಕೊಂಡದ್ದನ್ನು ಮಿಸಾಕೊ ನೋಡಿದಳು.

ಬುಧವಾರ ಸಂಜೆ ಫೋಟೊಗಳ ಲಕೋಟೆ ಬಂತು. ಮೂವತ್ತಾರರಲ್ಲೂ ಬರೀ ಮಂಜು. ಮಂಜಿನ ನಡುವೆ ಬೆಳ್ಳಗೆ ಉದ್ದಕ್ಕೆ ಏನೋ ಒಂದು, ತೊಳೆದ ಮೂಲಂಗಿಯ ಹಾಗೆ.

ಚಿಹಾರು ಒಂದೊಂದೇ ತಿರುವಿ ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಪ್ಪ, ಲೆನ್ಸು ಹೊರಗೆ ಎಳೆದಿದ್ರಾ?"

ಯಸುಹಿಕೊನ ಕಿವಿಗಳು ಕೆಂಪಾದವು. ಈ ಕ್ಯಾಮೆರಾಗಳಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸು ಬೇರೆ. ಲೆನ್ಸು ಮಡಚಿಕೊಂಡೇ ಇದ್ದರೂ ಕಿಂಡಿಯಲ್ಲಿ ಎಲ್ಲ ಚೊಕ್ಕವಾಗಿಯೇ ಕಾಣುತ್ತದೆ. ಹೊಸಬರು ಮೊದಲ ವಾರ ಮಾಡುವ ತಪ್ಪು ಅದು. ಇಪ್ಪತ್ತು ವರ್ಷ ಪಳಗಿದವನು ಮಾಡಿದ್ದ.

ಕಿಕುನೊ ಕನ್ನಡಕ ಏರಿಸಿಕೊಂಡು ಒಂದು ಫೋಟೊವನ್ನು ದೀಪಕ್ಕೆ ಹಿಡಿದಳು. "ಸುಕ್ಕು ಒಂದೂ ಇಲ್ಲ! ಇದನ್ನ ತೋರಿಸಿದ್ರೆ ಗಂಡು ಗೊತ್ತಾಗುತ್ತೆ ನನಗೆ."

ಚಿಹಾರು ಬಿದ್ದು ಬಿದ್ದು ನಕ್ಕಳು. ಮಿಸಾಕೊಗೂ ತಡೆಯಲಾಗಲಿಲ್ಲ. ಯಸುಹಿಕೊ ಮಾತ್ರ ಎದ್ದು ಹೋಗಿ ಕಪಾಟಿನ ಮುಂದೆ ನಿಂತ. "ಮಾರಿಬಿಡ್ತೀನಿ," ಎಂದ ಅಲ್ಲಿಂದಲೇ. "ಎಲ್ಲಾನೂ. ಮಿಸಾಕೊ, ನಿನ್ನ ಜಾಡಿ ತಂದಿಡು."

ನಾಲ್ಕು ವಾರದಿಂದ ಬೇಕೆಂದು ಜಗಳವಾಡಿದ ಮಾತು ತಾನಾಗಿ ಬಂದಾಗ ಮಿಸಾಕೊಗೆ ಅದು ರುಚಿಸಲಿಲ್ಲ. ಜಾಡಿ ಎತ್ತಲು ಕೈ ಹೋಗಲಿಲ್ಲ. ಮುಂದಿನ ಭಾನುವಾರ ಅವನು ಹೊಳೆಯ ದಂಡೆಗೂ ಹೋಗಲಿಲ್ಲ. ಇಡೀ ಬೆಳಗ್ಗೆ ಟಿವಿಯಲ್ಲಿ ಯಾರದೋ ಮೀನು ಹಿಡಿಯುವ ಕಾರ್ಯಕ್ರಮ ನೋಡುತ್ತಾ ಬಿದ್ದುಕೊಂಡ. ಅವನನ್ನು ದಾಟಿ ದಾಟಿ ಕಸ ಗುಡಿಸಿದ ಮಿಸಾಕೊ ಕೊನೆಗೆ ಪೊರಕೆ ನಿಲ್ಲಿಸಿ ಅತ್ತೆಯ ಕೋಣೆಗೆ ಹೋದಳು.

"ಅತ್ತೆ, ನೀವೇ ಏನಾದ್ರೂ ಹೇಳಿ. ಲೆನ್ಸಿದ್ದಾಗ ಮನುಷ್ಯ ಮನೇಲಿರ್ತಿರಲಿಲ್ಲ. ಈಗ ಮನೇಲಿದಾರೆ, ಮನುಷ್ಯ ಇಲ್ಲ."

ಕಿಕುನೊ ಎದ್ದು ಬಂದು ಟಿವಿ ಆರಿಸಿದಳು. "ಒಂದು ರೋಲು ಹಾಳಾಯ್ತು ಅಂತ ಅಂಗಡಿ ಮುಚ್ಚೋದಾ? ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಇನ್ನೂರು ಗಾಜು ಗೀಚಿ ಹಾಕಿದ್ದೆ. ಸುಗಿನೊ ಮಾಲೀಕ ಏನು ಮಾಡಿದ ಗೊತ್ತಾ? ಇನ್ನೂರ ಒಂದನೇದು ಕೈಗೆ ಕೊಟ್ಟ."

ಮೂವರೂ ಅವಳತ್ತ ನೋಡಿದರು. ಇತಾಬಾಶಿಯಲ್ಲಿ ಗಲ್ಲಿಗೊಂದು ಲೆನ್ಸಿನ ಕಾರ್ಖಾನೆಯಿದ್ದ ಕಾಲದಲ್ಲಿ, ಹದಿನೈದನೆಯ ವಯಸ್ಸಿನಿಂದ ಒಂಬತ್ತು ವರ್ಷ, ಕಿಕುನೊ ಗಾಜು ಉಜ್ಜುವ ಕೆಲಸದಲ್ಲಿದ್ದದ್ದು ಮನೆಯವರಿಗೆ ಗೊತ್ತಿತ್ತು. ಆದರೆ ಆ ಮಾತು ತೆಗೆದರೆ "ಗಾಜು ಸಾಕು ನನಗೆ" ಎಂದು ಎದ್ದುಬಿಡುತ್ತಿದ್ದಳು. ಮಗನ ಕಪಾಟಿನತ್ತ ಕಣ್ಣೆತ್ತಿಯೂ ನೋಡಿದವಳಲ್ಲ.

"ಬೆರಳೆಲ್ಲ ಗಾಜು ಉಜ್ಜೋ ಕೆಂಪು ಪುಡಿ," ಎಂದಳು ಈಗ. "ಊರೋರೆಲ್ಲ ಹೋಗೋ ಸ್ನಾನದ ಮನೆಗೆ ನಾವು ಹುಡುಗೀರು ಹೋದ್ರೆ, ತೊಟ್ಟಿ ನೀರು ಕೆಂಪು ಮಾಡ್ತೀರಿ, ಕೊನೇಲಿ ಇಳೀರಿ ಅಂತ ಮಾಲಕಿ ಬೈತಿದ್ಲು. ಚಳಿಗಾಲದಲ್ಲಿ ಕೈ ಸೀಳಿಹೋಗ್ತಿತ್ತು. ಸರಿ, ತೋರ್ಸು ನಿನ್ನ ಭಂಡಾರ. ಮಾರೋದಕ್ಕೆ ಮುಂಚೆ ನಾನೊಂದು ಸಲ ನೋಡ್ತೀನಿ."

ಯಸುಹಿಕೊ ಕಪಾಟು ತೆರೆದ. ಕಿಕುನೊ ಟಾರ್ಚು ಹಿಡಿದು ಒಂದೊಂದನ್ನೇ ಕಣ್ಣಿಗೆ ಹಿಡಿದು ತೀರ್ಪು ಕೊಟ್ಟಳು. "ಇದು ಚೆನ್ನಾಗಿದೆ. ಈ ಇನ್ನೊಂದನ್ನ ಉಜ್ಜಿದವಳಿಗೆ ಅವತ್ತು ಸಿಟ್ಟು ಬಂದಿತ್ತು. ಇದ್ಯಾವುದು, ರಷ್ಯಾನಾ? ಪರವಾಗಿಲ್ಲ." ತಳದ ಅರೆಯ ಹಿಂಬದಿಯಲ್ಲಿ ಚಹಾದ ಹಳೆಯ ಡಬ್ಬಿಯೊಂದಿತ್ತು. ಅದನ್ನು ತೆಗೆಯುತ್ತಿದ್ದಂತೆ ಯಸುಹಿಕೊ "ಅದು ಬೇಡಮ್ಮ" ಎಂದ. ಅಷ್ಟರಲ್ಲಿ ಮುಚ್ಚಳ ಬಿಚ್ಚಿಯಾಗಿತ್ತು.

ಬಟ್ಟೆಯೊಳಗೆ ಒಂದು ಪುಟ್ಟ ಮಡಚು ಲೆನ್ಸು. ಅಂಚಿನ ಸುತ್ತ ಕೆತ್ತಿದ ಅಕ್ಷರಗಳು: ಸುಗಿನಾರ್. ಸುಗಿನೊ ಕಾರ್ಖಾನೆ ತನ್ನ ಲೆನ್ಸಿಗೆ ಇಟ್ಟಿದ್ದ ಹೆಸರು.

ಕಿಕುನೊ ಆ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು. "ಎಲ್ಲಿ ಸಿಕ್ತು?"

"ಒಂದು ಅಂಗಡೀಲಿ. ಕೆಟ್ಟ ಸಾಮಾನಿನ ಬುಟ್ಟೀಲಿ ಬಿದ್ದಿತ್ತು. ಮೂರು ವರ್ಷ ಆಯ್ತು," ಎಂದ ಯಸುಹಿಕೊ, ತಪ್ಪು ಮಾಡಿದ ಮಗುವಿನಂತೆ. "ಒಳಗೆಲ್ಲ ಮಸುಕು ಕಟ್ಟಿದೆ. ಸರಿ ಮಾಡಿಸಿ ನಿನಗೆ ತೋರಿಸೋಣ ಅಂತಿದ್ದೆ. ಹೆಸರೇ ಕೇಳಿಲ್ಲ ಅಂತ ದುರಸ್ತಿಯವರು ಯಾರೂ ಮುಟ್ಟಲಿಲ್ಲ."

"ಮೂರು ವರ್ಷ ಊರೆಲ್ಲ ತಿರುಗಿದೆ. ಮನೇಲಿ ನಾನಿರ್ಲಿಲ್ವೇನೋ?"

ಅಂದೇ ಮಧ್ಯಾಹ್ನ ಊಟದ ಮೇಜು ಕೆಲಸದ ಮೇಜಾಯಿತು. ಮಿಸಾಕೊ ಬಿಳಿ ಬಟ್ಟೆ ಹಾಸಿದಳು, ಚಿಹಾರು ತನ್ನ ನರ್ಸಿಂಗ್ ಪೆಟ್ಟಿಗೆಯಿಂದ ಸ್ಪಿರಿಟ್ಟು, ಹತ್ತಿ ತಂದಳು. "ಹತ್ತಿ ಬೇಡ, ನೂಲು ಬಿಡುತ್ತೆ. ತೆಳು ಕಾಗದ ತಾ," ಎಂದಳು ಕಿಕುನೊ. ಬಾಟಲಿಯ ರಬ್ಬರ್ ಬಿರಡೆಯನ್ನು ಲೆನ್ಸಿನ ಮುಂದಿನ ಬಳೆಗೆ ಒತ್ತಿ ತಿರುಗಿಸಿದಳು. ಅರವತ್ತು ವರ್ಷ ಕಚ್ಚಿಕೊಂಡಿದ್ದ ಬಳೆ ಕಿರ್ ಎಂದು ಬಿಟ್ಟುಕೊಟ್ಟಿತು. ಯಸುಹಿಕೊ ಉಸಿರು ಬಿಗಿಹಿಡಿದು ನಿಂತಿದ್ದ.

"ದೂರ ನಿಲ್ಲೋ, ನಿನ್ನ ಬೆವರು ಬೀಳುತ್ತೆ. ನೋಡು, ಇದು ಬೂಷ್ಟಲ್ಲ. ಕೊಳವೆ ಜಾರ್ಲಿ ಅಂತ ಹಚ್ಚಿದ ಗ್ರೀಸು ಆವಿಯಾಗಿ ಗಾಜಿನ ಮೇಲೆ ಕೂತಿದೆ. ಒರೆಸಿದ್ರೆ ಹೋಗೋದು."

ನಡುವಿನಿಂದ ಅಂಚಿಗೆ, ಸುರುಳಿ ಸುರುಳಿಯಾಗಿ, ಒಂದೇ ಒತ್ತಡದಲ್ಲಿ ಒರೆಸಿದಳು. ಗಾಜಿನ ಮೇಲೆ ಬಾಯಿಂದ ಆವಿ ಊದಿ, ಅದು ಆರುವುದನ್ನು ಓರೆಗಣ್ಣಿನಲ್ಲಿ ನೋಡಿದಳು. ಆವಿ ಸುತ್ತಲೂ ಒಂದೇ ಸಮನೆ ಒಳಸರಿದು ಮಾಯವಾಯಿತು.

"ಹೂಂ," ಎಂದಳು. ಲೆನ್ಸನ್ನು ಮತ್ತೆ ಜೋಡಿಸಿ ಕಿಟಕಿಗೆ ಎದುರಾಗಿ ಹಿಡಿದು, ಹಿಂದೆ ಒಂದು ಬಿಳಿ ಕಾಗದ ಒಡ್ಡಿದಳು. ಕಾಗದದ ಮೇಲೆ ಅಂಚೆಚೀಟಿಯಷ್ಟು ಕಿಟಕಿ ತಲೆಕೆಳಗಾಗಿ ಬಿತ್ತು, ಹೊರಗಿನ ಬಿದಿರು ಗಳ, ಗಳದ ಮೇಲಿನ ಒದ್ದೆ ಟವಲು ಸಮೇತ.

"ಅತ್ತೆ, ಇದನ್ನ ನೀವೇ ಉಜ್ಜಿದ್ದಾ?" ಮಿಸಾಕೊ ಕೇಳಿದಳು.

"ಹೇಗೆ ಹೇಳೋದು? ಉಜ್ಜೋರು ಏಳು ಜನ ಇದ್ವಿ. ಏಳರಲ್ಲಿ ಒಂದು ಪಾಲು ನಂದು ಅಂತ ಇಟ್ಕೊ." ಕಾಗದದ ಮೇಲಿನ ಕಿಟಕಿಯನ್ನೇ ನೋಡುತ್ತಾ ಹೇಳಿದಳು, "ಒಂಬತ್ತು ವರ್ಷ ಉಜ್ಜಿದೆ. ಇದರಲ್ಲಿ ಏನು ಕಾಣುತ್ತೆ ಅಂತ ಯಾರೂ ತೋರಿಸಿರ್ಲಿಲ್ಲ."

ಮಾರುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಜುಲೈ ಕೊನೆಗೆ ಮಳೆ ಹಿಂದೆಗೆಯಿತು. ಉಪ್ಪಿನಲ್ಲಿ ನೆಂದು, ಕೆಂಪು ಸೊಪ್ಪಿನ ಬಣ್ಣ ಹೀರಿಕೊಂಡ ಉಮೆಯನ್ನು ಮೂರು ದಿನ ಬಿಸಿಲಿಗೆ ಹಾಕುವ ಹೊತ್ತು. ಅಂಗಳದ ತುಂಬ ಬಿದಿರಿನ ತಟ್ಟೆಗಳು ಹರಡಿದವು. ಕಿಕುನೊ ಹಳೆಯ ಹುಲ್ಲಿನ ಟೋಪಿ ಹಾಕಿಕೊಂಡು ಸಣ್ಣ ಮಣೆಯ ಮೇಲೆ ಕೂತು ಒಂದೊಂದೇ ಕಾಯಿ ಮಗುಚುತ್ತಿದ್ದಳು. ಯಸುಹಿಕೊ ಸುಗಿನಾರನ್ನು ಕ್ಯಾಮೆರಾಕ್ಕೆ ಹಾಕಿಕೊಂಡು ಜಗುಲಿಯವರೆಗೆ ಬಂದ. ಕಣ್ಣಿಗೆ ಹಿಡಿದ. ಇಳಿಸಿದ. ಮತ್ತೆ ಹಿಡಿದ.

"ಆಗಲ್ಲ ಕಣೆ," ಎಂದ ಮೆಲ್ಲಗೆ. "ಈ ಚೌಕದಲ್ಲಿ ಅಮ್ಮನ್ನ ನೋಡಿದ ಕೂಡಲೇ ಸುತ್ತ ಬಿಳಿ ಹೂವು ಜೋಡಿಸಿದ ಹಾಗೆ ಕಾಣುತ್ತೆ."

ಆರು ವಾರದ ಮಳೆ, ಬೆಳಕು, ಗಡುಸು ಲೆನ್ಸು, ಎಲ್ಲ ನೆಪಗಳ ಬೇರು ಇದೆಂದು ಮಿಸಾಕೊಗೆ ಆಗ ಹೊಳೆಯಿತು. ಬೈಯಲಿಲ್ಲ. ಉಪ್ಪಿನ ಕೈ ಮುಸುರೆ ಬಟ್ಟೆಗೆ ಒರೆಸಿಕೊಂಡು ಚಾಚಿದಳು. "ಕೊಡಿ ಇಲ್ಲಿ. ನನಗೆ ಉಮೆ ತಟ್ಟೆ ಮಾತ್ರ ಕಾಣುತ್ತೆ. ಏನು ಮಾಡ್ಬೇಕು ಹೇಳಿ."

ಯಸುಹಿಕೊ ಅವಳ ಹಿಂದೆ ನಿಂತು ಹೇಳಿಕೊಟ್ಟ. ಕಿಂಡಿಯೊಳಗೆ ಇಬ್ಬರು ಕಿಕುನೊ ಇದ್ದರು, ಒಬ್ಬಳು ಗಟ್ಟಿ, ಇನ್ನೊಬ್ಬಳು ಅವಳ ಪಕ್ಕದಲ್ಲೇ ತೆಳ್ಳಗೆ, ಹಳದಿ ನೆರಳಿನ ಹಾಗೆ. "ಲೆನ್ಸಿನ ಈ ಗುಬಟು ಮೆಲ್ಲಗೆ ತಿರುಗಿಸು. ಇಬ್ಬರೂ ಒಬ್ಬರಾದಾಗ ಒತ್ತು."

ಮಿಸಾಕೊ ತಿರುಗಿಸಿದಳು. ನೆರಳಿನ ಅತ್ತೆ ನಡೆದು ಬಂದು ಗಟ್ಟಿ ಅತ್ತೆಯೊಳಗೆ ಸೇರಿಕೊಂಡಳು. ಅದೇ ಗಳಿಗೆಗೆ ಕಿಕುನೊ ಒಣಗಿತೋ ಇಲ್ಲವೋ ಎಂದು ನೋಡಲು ಒಂದು ಉಮೆ ಬಾಯಿಗೆ ಹಾಕಿಕೊಂಡಳು. ಹುಳಿಗೆ ಮುಖವಿಡೀ ಗಂಟಾಯಿತು, ಗಂಟು ಬಿಚ್ಚಿ ನಗುವಾಯಿತು. "ಮಿಸಾಕೊ! ಈ ವರ್ಷದ್ದು ತೀರಿಹೋದ ನಿನ್ನ ಮಾವನವರಿಗೂ ಮೈ ಝುಂ ಅನ್ನಿಸುತ್ತೆ, ಬುದ್ಧನ ಮುಂದೆ ಅವರ ಪಾಲಿಗೆ ಇಡು ಒಂದು!"

ಮಿಸಾಕೊ ಒತ್ತಿದಳು.

ಆ ಫೋಟೊ ಬಂದ ದಿನ ಕಿಕುನೊ ಅದನ್ನು ಊಟದುದ್ದಕ್ಕೂ ಸಾರಿನ ಬಟ್ಟಲಿಗೆ ಒರಗಿಸಿಟ್ಟುಕೊಂಡಳು. ಟೋಪಿಯ ಅಂಚಿನಲ್ಲಿ ಬೆಳಕು ಬೆಣ್ಣೆಯಂತೆ ಕರಗಿತ್ತು. ಕಣ್ಣುಗಳು ಮಾತ್ರ ಸೂಜಿಯಂತೆ ಚೊಕ್ಕವಾಗಿದ್ದವು. ಸುಕ್ಕು ಒಂದೂ ಬಿಟ್ಟುಹೋಗಿರಲಿಲ್ಲ.

"ಇದು ಸಾವಿಗೆ ಜಾಸ್ತಿಯಾಯ್ತು," ಎಂದಳು ಕೊನೆಗೆ. "ಸತ್ತ ಮೇಲೆ ಬಂದವರು ನೋಡಿ ಹೊಗಳಿದ್ರೆ ನನಗೇನು ಕೇಳಿಸುತ್ತಾ? ಈಗಲೇ ತೋರಿಸ್ತೀನಿ."

ತೋರಿಸಿದಳು. ಸ್ನಾನದ ಮನೆಯಲ್ಲಿ, ಉದ್ಯಾನದ ಬೆಳಗಿನ ವ್ಯಾಯಾಮದಲ್ಲಿ, ತೋಫು ಅಂಗಡಿಯ ಸರದಿಯಲ್ಲಿ. ಆಗಸ್ಟ್ ಮುಗಿಯುವುದರೊಳಗೆ ನೆಮೊಟೊ ಅವರ ಅಂಗಳದಲ್ಲಿ ಭಾನುವಾರಕ್ಕೆ ನಾಲ್ಕೈದು ಮುದುಕಿಯರು ಚೊಕ್ಕ ಬಟ್ಟೆಯುಟ್ಟು, ಕೈಯಲ್ಲಿ ಕಲ್ಲಂಗಡಿಯೋ ಬೀನ್ಸಿನ ಸಿಹಿಯೋ ಹಿಡಿದು ಬಂದು ಕೂರತೊಡಗಿದರು. ಫೋಟೊ ತೆಗೆಯುವವಳು ಮಿಸಾಕೊ. ಯಾರಿಗೆ ಯಾವ ಲೆನ್ಸು ಎಂದು ಹೇಳುವವನು ಯಸುಹಿಕೊ. ಬಂದವರನ್ನು ಅರ್ಧ ನಿಮಿಷ ನೋಡಿ ಕಪಾಟಿಗೆ ಕೈ ಹಾಕುವನು. "ತೋಫು ಅಂಗಡಿ ಅಮ್ಮನವರಿಗೆ ಇದು, ಮೆತ್ತಗೆ ಬರುತ್ತೆ." "ಟೀಚರಮ್ಮನಿಗೆ ಜರ್ಮನಿಯದೇ ಸರಿ, ಅವರಿಗೆ ಅಸ್ಪಷ್ಟ ಅಂದ್ರೆ ಆಗಲ್ಲ." ಇಪ್ಪತ್ತು ವರ್ಷ ಇಟ್ಟಿಗೆ ನೋಡಿ ಕಲಿತದ್ದೆಲ್ಲ ಮುಖಗಳಿಗೆ ಒದಗಿಬಂತು. ಬಂದವರಿಗೆ ಸುಲಭವಾಗಲಿ ಎಂದು ಕಪಾಟನ್ನು ಅವನೇ ಎತ್ತಿ ಮುಂದಿನ ಕೋಣೆಗೆ ಸಾಗಿಸಿದ. ಜಾಡಿಗಳು ಯಾರಿಗೂ ಹೇಳದೆ ತಮ್ಮ ಮೂಲೆಗೆ ಮರಳಿದವು.

ಸೆಪ್ಟೆಂಬರಿನ ಒಂದು ಭಾನುವಾರ, ಕೊನೆಯ ಮುದುಕಿಯನ್ನು ಕಳಿಸಿ, ಮಿಸಾಕೊ ಒಲೆಯ ಮೇಲೆ ಕುಂಬಳಕಾಯಿ ಬೇಯಲಿಟ್ಟು ಬಂದು ಜಗುಲಿಯಲ್ಲಿ ಕೂತಿದ್ದಳು. ಚಿಹಾರು ಹೊಸ ಆಲ್ಬಮ್ಮು ತಿರುವುತ್ತಿದ್ದವಳು ತಟ್ಟನೆ ತಲೆಯೆತ್ತಿದಳು.

"ಅಪ್ಪ, ಇದರಲ್ಲಿ ಊರಿನವರೆಲ್ಲ ಇದಾರೆ. ಅಮ್ಮ ಎಲ್ಲಿ?"

"ತೆಗೆಯೋಳು ನಾನಲ್ವೇನೆ," ಎಂದಳು ಮಿಸಾಕೊ. "ನನ್ನದೇನು ಈಗ."

"ಈಗಲ್ಲದೆ ಇನ್ಯಾವಾಗ? ಕೂತ್ಕೊ ಅಲ್ಲೇ," ಎಂದು ಕಿಕುನೊ ಅಪ್ಪಣೆ ಕೊಟ್ಟಳು. "ಲೋ ಯಸು, ಇವಳಿಗೆ ಯಾವುದು?"

ಯಸುಹಿಕೊ ಕಪಾಟಿನ ಮುಂದೆ ನಿಂತ. ಒಂದನ್ನು ತೆಗೆದ, ಇಟ್ಟ. ಇನ್ನೊಂದನ್ನು ತೆಗೆದ, ಬೆಳಕಿಗೆ ಹಿಡಿದ, ಅದನ್ನೂ ಇಟ್ಟ. ಐದು ನಿಮಿಷ ಕಳೆಯಿತು.

"ಮಿಕ್ಕೋರಿಗೆಲ್ಲ ಅರ್ಧ ನಿಮಿಷ ಸಾಕಿತ್ತು," ಚಿಹಾರು ಕೀಟಲೆ ಮಾಡಿದಳು.

"ಮಿಕ್ಕೋರನ್ನ ಅರ್ಧ ನಿಮಿಷ ನೋಡಿದ್ದೆ, ಅದಕ್ಕೆ ಸಾಕಿತ್ತು," ಎಂದ ಯಸುಹಿಕೊ ಬೆನ್ನು ಹಾಕಿಕೊಂಡೇ. "ಇವಳನ್ನ ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ. ಒಂದರಲ್ಲಿ ಹಿಡಿಸಲ್ಲ."

ಕಿಕುನೊ ಸೊಸೆಯ ಪಕ್ಕೆಗೆ ತಿವಿದಳು. ಮಿಸಾಕೊ ಕುತ್ತಿಗೆಯವರೆಗೂ ಕೆಂಪಾದಳು. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮಡಿಲಿಗೂ ಕೂದಲಿಗೂ ಓಡಿಸಿದಳು. "ಬೇಗ ಯಾವುದಾದ್ರೂ ಒಂದು ಹಾಕಿ ಮುಗಿಸ್ರೀ. ಒಲೆ ಮೇಲಿದೆ ನಂದು."

ಅವನು ಒಂದನ್ನು ಆರಿಸಿ ತಂದು ಎದುರಿಗೆ ಮಂಡಿಯೂರಿದ. ಕ್ಯಾಮೆರಾ ಕಣ್ಣಿಗೆ ಹೋಯಿತು. ಬೆರಳು ಗುಬಟನ್ನು ಅತ್ತ ಇತ್ತ ತಿರುಗಿಸಿತು, ತಿರುಗಿಸುತ್ತಲೇ ಇತ್ತು. ಇಷ್ಟು ಹೊತ್ತು ಒಬ್ಬರು ತನ್ನನ್ನೇ ನೋಡುತ್ತಿರುವುದಕ್ಕೆ ಮಿಸಾಕೊಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ಆಮೇಲೆ ಕೈಗಳ ನೆನಪೇ ಹೋಯಿತು.

ಒಳಗೆ ಕುಂಬಳಕಾಯಿ ಉಕ್ಕಿ ಒಲೆಯ ಮೇಲೆ ಸುರಿಯುವ ಸದ್ದು ನಾಲ್ವರಿಗೂ ಕೇಳಿಸಿತು. ಯಾರೂ ಏಳಲಿಲ್ಲ.